ಮಹಾದೈತ್ಯ ಸಂಗಾತಿಯ ಎಕ್ಸ್‌-ರೇ ಜೋಡಿಗಳು: ಒಂದು ಗಡಿಯಾರದಂತೆ ಉಕ್ಕುತ್ತದೆ, ಇನ್ನೊಂದಕ್ಕೆ ಹೊತ್ತುಗೊತ್ತಿಲ್ಲ. ಯಾಕೆ?

ಲೈಟ್‌ಕರ್ವ್ ಓದುಗ:

ನಮಸ್ಕಾರ. ಎಸ್‌ಎಫ್‌ಎಕ್ಸ್‌ಟಿ (ಸೂಪರ್‌ಜೈಂಟ್ ಫಾಸ್ಟ್ ಎಕ್ಸ್‌-ರೇ ಟ್ರಾನ್ಸಿಯೆಂಟ್) ಎಂದು ಕರೆಯುವ ಜೋಡಿಗಳ ಬಗ್ಗೆ ಪ್ರಶ್ನೆ. ಓ ಅಥವಾ ಬಿ ವರ್ಗದ ಮಹಾದೈತ್ಯ ನಕ್ಷತ್ರ ಒಂದು ಕಡೆ, ಅದನ್ನು ಸುತ್ತುವ ನ್ಯೂಟ್ರಾನ್ ನಕ್ಷತ್ರ ಇನ್ನೊಂದು ಕಡೆ. ಹೆಚ್ಚಿನ ಕಾಲ ಮಂಕಾಗಿದ್ದು, ಆಗೊಮ್ಮೆ ಈಗೊಮ್ಮೆ ಕೆಲವು ಗಂಟೆ ಎಕ್ಸ್‌-ರೇಯಲ್ಲಿ ಸಾವಿರ ಪಟ್ಟಿಗೂ ಮೀರಿ ಉಕ್ಕಿ, ಮತ್ತೆ ಮಂಕಾಗುತ್ತವೆ.

ಇವುಗಳಲ್ಲಿ ಐಜಿಆರ್ ಜೆ11215-5952 ಸುಮಾರು 165 ದಿನಕ್ಕೊಮ್ಮೆ ಉಕ್ಕುತ್ತದೆ, ಮುಂದಿನದು ಯಾವಾಗ ಎಂದು ಮೊದಲೇ ಹೇಳಬಹುದು. ಐಜಿಆರ್ ಜೆ17544-2619ರ ಕಕ್ಷಾವಧಿ 4.93 ದಿನ. ಆದರೆ ಅದು ಪ್ರತಿ ಸುತ್ತಿಗೂ ಉಕ್ಕುವುದಿಲ್ಲ, ಯಾವ ಸುತ್ತಿನಲ್ಲಿ ಉಕ್ಕುತ್ತದೆ ಎಂದು ಹೇಳಲೂ ಆಗುವುದಿಲ್ಲ. ಎರಡನ್ನೂ ಒಂದೇ ವರ್ಗಕ್ಕೆ ಸೇರಿಸಿದ್ದಾರೆ.

ಸ್ವಿಫ್ಟ್ ಉಪಗ್ರಹದಲ್ಲಿರುವ, ಗಡಸು (ಹೆಚ್ಚು ಶಕ್ತಿಯ) ಎಕ್ಸ್‌-ರೇ ನೋಡುವ ಬ್ಯಾಟ್ ಉಪಕರಣದ ಸಾರ್ವಜನಿಕ ದತ್ತಾಂಶ ತೆಗೆದುಕೊಂಡು, ದಿನಕ್ಕೊಂದು ಬಿಂದುವಿನ, ಕಾಲದೊಂದಿಗೆ ಹೊಳಪು ತೋರಿಸುವ ಲೈಟ್ ಕರ್ವ್‌ಗೆ ಲಾಂಬ್-ಸ್ಕಾರ್ಗಲ್ (ಅವಧಿ ಹುಡುಕುವ ಲೆಕ್ಕ) ಹಾಕಿದರೆ 17544ಕ್ಕೆ ಒಂದು ಶಿಖರದ ಬದಲು ಬಾಚಣಿಗೆ ಹಲ್ಲಿನಂತೆ ಹತ್ತಾರು ಶಿಖರಗಳು ಬರುತ್ತವೆ. 11215ರ ವರದಿಯಾದ ಉಕ್ಕುಗಳ ದಿನಾಂಕಗಳನ್ನು 165 ದಿನಕ್ಕೆ ಮಡಚಿದರೂ (ಪ್ರತಿ ಸುತ್ತನ್ನೂ ಒಂದರ ಮೇಲೊಂದು ಇಟ್ಟು ನೋಡಿದರೂ) ಹೊಂದುತ್ತದೆ, 329ಕ್ಕೆ ಮಡಚಿದರೂ ಹೊಂದುತ್ತದೆ. ಎಲ್ಲಿ ತಪ್ಪುತ್ತಿದೆ? ಇನ್ನೊಂದು, ಉಕ್ಕಿಗೆ ನಿಜವಾದ ಕಾರಣ ಮಹಾದೈತ್ಯದ ಮಾರುತದಲ್ಲಿ, ಅಂದರೆ ಅದು ಹೊರಬೀಸುವ ಅನಿಲದಲ್ಲಿ, ಇರುವ ದಟ್ಟ ಮುದ್ದೆಗಳು ಅಥವಾ ಕ್ಲಂಪ್‌ಗಳೇ? ಕಕ್ಷೆಯ ಆಕಾರವೇ? ಅಥವಾ ನ್ಯೂಟ್ರಾನ್ ನಕ್ಷತ್ರದ ಕಾಂತಕ್ಷೇತ್ರವೇ? ಮೂರನ್ನೂ ಒಂದೊಂದು ಕಡೆ ಕಾರಣವೆಂದು ಓದಿದ್ದೇನೆ.

---

ಫೋಟಾನ್ ಎಣಿಕೆ:

ದತ್ತಾಂಶದ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಭೌತಶಾಸ್ತ್ರದ ಭಾಗವನ್ನು ಬೇರೆಯವರು ಹೇಳಲಿ.

ಮೊದಲು ದಿನಕ್ಕೊಂದು ಬಿಂದುವಿನ ಕಡತ ಬಿಟ್ಟು, ಆರ್ಬಿಟ್‌ಗೊಂದು (ಸ್ವಿಫ್ಟ್ ಭೂಮಿಯನ್ನು ಸುತ್ತುವ ಪ್ರತಿ ಸುತ್ತಿಗೊಂದು) ಬಿಂದುವಿನ ಕಡತ ತೆಗೆದುಕೊಳ್ಳಿ. 2,000 ಸೆಕೆಂಡ್ ಇರುವ 200 ಮಿಲಿಕ್ರ್ಯಾಬ್ (ಕ್ರ್ಯಾಬ್ ನೆಬ್ಯುಲಾದ ಹೊಳಪಿನ ಸಾವಿರದಲ್ಲಿ 200 ಪಾಲು) ಫ್ಲೇರ್ ಒಂದನ್ನು 86,400 ಸೆಕೆಂಡಿನ ದಿನಕ್ಕೆ ಹರಡಿದರೆ ಉಳಿಯುವುದು 4.6 ಮಿಲಿಕ್ರ್ಯಾಬ್. ಬ್ಯಾಟ್ ಒಂದು ಪೂರ್ಣ ದಿನ ನೋಡಿದಾಗಿನ ಗದ್ದಲವೇ ಸುಮಾರು 5 ಮಿಲಿಕ್ರ್ಯಾಬ್. ಹಾಗಾಗಿ ಫ್ಲೇರ್ ಇದ್ದ ದಿನವೂ ಇಲ್ಲದ ದಿನದಂತೆಯೇ ಕಾಣುತ್ತದೆ. ಬ್ಯಾಟ್ ಇಡೀ ದಿನ ಒಂದೇ ಕಡೆ ನೋಡುವುದಿಲ್ಲ, ತುಣುಕು ತುಣುಕಾಗಿ ನೋಡುತ್ತದೆ. ಆದ್ದರಿಂದ ಅದೃಷ್ಟವಿದ್ದ ದಿನ ಫ್ಲೇರ್ ದೊಡ್ಡದಾಗಿ, ಇಲ್ಲದ ದಿನ ಸೊನ್ನೆಯಾಗಿ ಬರುತ್ತದೆ. ದಿನದ ಸರಾಸರಿಯಲ್ಲಿ ಈ ಎರಡೂ ಕಲಸಿಹೋಗಿರುತ್ತವೆ.

ಆರ್ಬಿಟ್ ಕಡತದಲ್ಲಿ ಡೇಟಾ ಫ್ಲ್ಯಾಗ್ 0 ಇರುವ ಸಾಲುಗಳನ್ನು ಮಾತ್ರ ಇಟ್ಟುಕೊಳ್ಳಿ. ದೋಷದ ಕಾಲಮ್‌ನ ಹಿಸ್ಟೋಗ್ರಾಂ ಬರೆದು, ಅದರ ಉದ್ದ ಬಾಲವನ್ನು ಕತ್ತರಿಸಿ. ಮೂಲವು ಬ್ಯಾಟ್‌ನ ದೃಷ್ಟಿಕ್ಷೇತ್ರದ ಅಂಚಿನಲ್ಲಿದ್ದಾಗ ಬಂದ ಅಳತೆಗಳು ಅವು. ಕ್ರ್ಯಾಬ್‌ಗೆ ಪರಿವರ್ತಿಸಲು 15–50 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಪಟ್ಟಿಯಲ್ಲಿ 1 ಕ್ರ್ಯಾಬ್ ಎಂದರೆ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 0.22 ಎಣಿಕೆ.

ಈಗ ಬಾಚಣಿಗೆ. ಅದು ಬರುವುದು ಎರಡು ಮೂರು ಭಾರೀ ಫ್ಲೇರ್‌ಗಳಿಂದ. ಲಾಂಬ್-ಸ್ಕಾರ್ಗಲ್ ಸೈನ್ ಅಲೆಯನ್ನು ಕೂರಿಸುತ್ತದೆ. ಸಾವಿರಾರು ಬಿಂದುಗಳಲ್ಲಿ ಮೂರು ಮಾತ್ರ ನೂರು ಪಟ್ಟು ಎತ್ತರದಲ್ಲಿದ್ದರೆ, ಆ ಮೂರರ ನಡುವಿನ ಅಂತರವನ್ನು ಸರಿಯಾಗಿ ಭಾಗಿಸುವ ಪ್ರತಿಯೊಂದು ಅವಧಿಯೂ ಶಿಖರವಾಗುತ್ತದೆ. ಇದಕ್ಕೆ ಎರಡು ದಾರಿ ಇದೆ, ಎರಡನ್ನೂ ಮಾಡಿ ಹೋಲಿಸಿ.

ಮೊದಲನೆಯದರಲ್ಲಿ, ಒಂದು ಮಿತಿಗಿಂತ ಮೇಲಿನ ದರಗಳನ್ನೆಲ್ಲ ಆ ಮಿತಿಗೇ ಇಳಿಸಿ ಲಾಂಬ್-ಸ್ಕಾರ್ಗಲ್ ಹಾಕಿ. ಮಿತಿಯನ್ನು ಬದಲಿಸಿ ಬದಲಿಸಿ ನೋಡಿ. ನಿಜವಾದ ಅವಧಿ ಎಲ್ಲ ಮಿತಿಗೂ ನಿಲ್ಲುತ್ತದೆ, ಬಾಚಣಿಗೆಯ ಹಲ್ಲುಗಳು ಜಾಗ ಬದಲಿಸುತ್ತವೆ. ಎರಡನೆಯದರಲ್ಲಿ, ಎತ್ತರವನ್ನು ಮರೆತು ಉಕ್ಕಿನ ಕಾಲಗಳನ್ನು ಮಾತ್ರ ಇಟ್ಟುಕೊಂಡು ರೇಲಿ ಪರೀಕ್ಷೆ (ಆ ಕಾಲಗಳು ಒಂದೇ ಹಂತದಲ್ಲಿ ಗುಂಪಾಗುತ್ತವೆಯೇ ಎಂಬ ಪರೀಕ್ಷೆ) ಮಾಡಿ. ಇಲ್ಲಿ ಒಂದು ಜಾಗ್ರತೆ ಬೇಕು. ಒಂದು ಉಕ್ಕು ಎಂದರೆ ಒಂದು ಫ್ಲೇರ್ ಅಲ್ಲ. ಒಂದೆರಡು ದಿನದೊಳಗೆ ಬಂದ ಫ್ಲೇರ್‌ಗಳೆಲ್ಲ ಸೇರಿ ಒಂದೇ ಉಕ್ಕು. ಅವನ್ನು ಬೇರೆ ಬೇರೆ ಎಣಿಸಿದರೆ ಒಂದೇ ಘಟನೆಗೆ ಐದು ಸಾಕ್ಷಿ ಕೊಟ್ಟಂತಾಗಿ, ಇಲ್ಲದ ಅವಧಿಗೂ ಬಲ ಬರುತ್ತದೆ.

ಶಿಖರ ಎಷ್ಟು ನಂಬಿಕಸ್ಥ ಎಂದು ತಿಳಿಯಲು ಬಿಂದುಗಳನ್ನು ಕಲಸಿ ಸಾವಿರ ಬಾರಿ ಮತ್ತೆ ಹುಡುಕುವುದು ರೂಢಿ. ಎಸ್‌ಎಫ್‌ಎಕ್ಸ್‌ಟಿಗೆ ಬಿಂದು ಬಿಂದುವನ್ನು ಬಿಡಿಯಾಗಿ ಕಲಸಬೇಡಿ. ಫ್ಲೇರ್‌ಗಳು ಗುಂಪಾಗಿ ಬರುತ್ತವೆ, ಬಿಡಿಯಾಗಿ ಕಲಸಿದರೆ ಆ ಗುಂಪು ಒಡೆದು ಸುಳ್ಳು ಶಿಖರದ ಸಾಧ್ಯತೆ ನಿಜಕ್ಕಿಂತ ಕಡಿಮೆ ಎಂದು ತೋರುತ್ತದೆ. ನಾಲ್ಕೈದು ದಿನದ ಕಂತೆಗಳನ್ನು ಮಾಡಿ, ಕಂತೆಗಳನ್ನು ಕಲಸಿ. ಹುಡುಕುವ ಅವಧಿ ಕಂತೆಯ ಉದ್ದಕ್ಕೆ ಹತ್ತಿರವಿದ್ದರೆ ಕಂತೆಯನ್ನು ಎರಡು ದಿನಕ್ಕೆ ಇಳಿಸಿ. 17544ಕ್ಕೆ ಹಾಗೆ ಇಳಿಸಲೇಬೇಕು.

ಹುಡುಕಾಟದ ಹೆಜ್ಜೆ ಎಷ್ಟಿರಬೇಕು ಎಂಬುದರಲ್ಲೂ ತಪ್ಪಾಗುತ್ತದೆ. ಅವಧಿಯ ಸೂಕ್ಷ್ಮತೆ ಸುಮಾರು ಅವಧಿಯ ವರ್ಗವನ್ನು ದತ್ತಾಂಶದ ಒಟ್ಟು ಉದ್ದದಿಂದ ಭಾಗಿಸಿದಷ್ಟು. 20 ವರ್ಷದ, ಅಂದರೆ ಸುಮಾರು 7,300 ದಿನದ ದತ್ತಾಂಶಕ್ಕೆ 4.93 ದಿನದ ಬಳಿ ಅದು 0.0033 ದಿನ, 165 ದಿನದ ಬಳಿ 3.7 ದಿನ. ಇದರ ಐದನೇ ಒಂದರಿಂದ ಹತ್ತನೇ ಒಂದರಷ್ಟು ಹೆಜ್ಜೆ ಇಡಿ. 0.01 ದಿನದ ಹೆಜ್ಜೆಯಲ್ಲಿ ಹುಡುಕಿದರೆ 17544ರ ಶಿಖರವನ್ನು ದಾಟಿಕೊಂಡೇ ಹೋಗುತ್ತೀರಿ.

ಸೌರವ್ಯೂಹದ ದ್ರವ್ಯರಾಶಿ ಕೇಂದ್ರಕ್ಕೆ, ಅಂದರೆ ಬ್ಯಾರಿಸೆಂಟರ್‌ಗೆ ಕಾಲ ತಿದ್ದುವುದು ಕಕ್ಷಾವಧಿಗೆ ಅಷ್ಟೇನೂ ಮುಖ್ಯವಲ್ಲ. ಗರಿಷ್ಠ ತಿದ್ದುಪಡಿ 500 ಸೆಕೆಂಡ್, ಅದು 4.93 ದಿನದ ಸಾವಿರದಲ್ಲಿ ಒಂದು ಭಾಗ. ನ್ಯೂಟ್ರಾನ್ ನಕ್ಷತ್ರದ ಸ್ಪಿನ್ (ಅದು ತನ್ನ ಸುತ್ತ ತಾನು ತಿರುಗುವ ಅವಧಿ) ಹುಡುಕುವಾಗ ಮಾತ್ರ ಬಿಡಲೇಬೇಡಿ.

ಇನ್ನು 329. ನಿಮ್ಮ ಗೊಂದಲಕ್ಕೆ ಇತಿಹಾಸವೇ ಇದೆ. ಇಂಟೆಗ್ರಲ್ ಉಪಗ್ರಹದ ದತ್ತಾಂಶದಿಂದ ಮೊದಲು ಕಂಡದ್ದು 329 ದಿನವೇ. ಅದನ್ನು ನಂಬಿ 2007ರ ಫೆಬ್ರವರಿಯ ಉಕ್ಕಿಗೆ ಕಾದು, ಸ್ವಿಫ್ಟ್‌ನ ಎಕ್ಸ್‌ಆರ್‌ಟಿ ದೂರದರ್ಶಕದಿಂದ ಮೊದಲಿಂದ ಕೊನೆವರೆಗೆ ನೋಡಿದರು. ಆಮೇಲೆ ಅದೇ ವರ್ಷ ಜುಲೈಯಲ್ಲಿ, ಎರಡು ಉಕ್ಕುಗಳ ನಟ್ಟನಡುವಿನ ಹೊತ್ತಿನಲ್ಲಿ ನೋಡಿದಾಗ ಅಲ್ಲೂ ಉಕ್ಕು ಸಿಕ್ಕಿತು. ಅವಧಿ ಅರ್ಧಕ್ಕೆ ಇಳಿಯಿತು. ಮಡಚಿದ ಚಿತ್ರದಲ್ಲಿ ಎರಡು ಅವಧಿಯೂ ಹೊಂದುವುದು ಸಹಜ, ಏಕೆಂದರೆ P ನಿಜವಾದರೆ 2P ಯಾವಾಗಲೂ ಹೊಂದುತ್ತದೆ. 329ಕ್ಕೆ ಮಡಚಿದಾಗ 0 ಮತ್ತು 0.5 ಎರಡೂ ಹಂತದಲ್ಲಿ ಉಕ್ಕುಗಳಿದ್ದರೆ ನಿಜವಾದದ್ದು 165. ಒಂದೇ ಹಂತದಲ್ಲಿದ್ದರೆ, ಇನ್ನೊಂದು ಹಂತದಲ್ಲಿ ಯಾರಾದರೂ ನೋಡಿದ್ದರೋ ಇಲ್ಲವೋ ಎಂದು ಮೊದಲು ಕೇಳಿ. ಉಕ್ಕುಗಳ ಹಂಚಿಕೆಯ ಪಕ್ಕದಲ್ಲಿ ವೀಕ್ಷಣಾ ಸಮಯದ ಹಂಚಿಕೆಯನ್ನೂ ಅದೇ ಅವಧಿಗೆ ಮಡಚಿ ಬರೆಯದ ಚಿತ್ರಕ್ಕೆ ಅರ್ಥವಿಲ್ಲ. ಸೂರ್ಯ ಹತ್ತಿರ ಬಂದಾಗ ಸ್ವಿಫ್ಟ್ ಆ ಕಡೆ ತಿರುಗುವುದಿಲ್ಲ. ಗ್ಯಾಲಕ್ಸಿಯ ಕೇಂದ್ರದ ಕಡೆಯ ಮೂಲಗಳಿಗೆ ಡಿಸೆಂಬರ್ ಸುತ್ತಮುತ್ತ ಪ್ರತಿವರ್ಷ ದೊಡ್ಡ ಖಾಲಿ ಬೀಳುತ್ತದೆ. ಆ ಖಾಲಿಯೇ ಒಂದು ವರ್ಷದ, ಅರ್ಧ ವರ್ಷದ ಸುಳ್ಳು ಅವಧಿಗಳನ್ನು ಹುಟ್ಟಿಸುತ್ತದೆ.

---

ಮಾರುತ ಮಾಪಕ:

ಕಾರಣದ ಪ್ರಶ್ನೆಗೆ ಬರುತ್ತೇನೆ. ಎಲ್ಲರೂ ಉಕ್ಕಿನಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಶುರುಮಾಡಬೇಕಾದ್ದು ಮಂಕು ಹೊತ್ತಿನಿಂದ. ಈ ಮೂಲಗಳು ಇಷ್ಟೊಂದು ಮಂಕಾಗಿರುವುದಾದರೂ ಹೇಗೆ ಎನ್ನುವುದೇ ಗಟ್ಟಿ ಪ್ರಶ್ನೆ. 17544ಕ್ಕೆ ಲೆಕ್ಕ ಹಾಕಿ ತೋರಿಸುತ್ತೇನೆ.

ಮಹಾದೈತ್ಯದ ದ್ರವ್ಯರಾಶಿ ಸೂರ್ಯನ 25 ಪಟ್ಟು, ತ್ರಿಜ್ಯ 20 ಪಟ್ಟು ಎಂದು ಹಿಡಿಯಿರಿ. ಅವಧಿ 4.93 ದಿನ. ಕೆಪ್ಲರ್ ನಿಯಮದಿಂದ ಇಬ್ಬರ ನಡುವಿನ ದೂರ ಸುಮಾರು 36 ಸೂರ್ಯ ತ್ರಿಜ್ಯ, ಅಂದರೆ 2.5×10¹² ಸೆಂ.ಮೀ. ಮಾರುತದ ಅಂತಿಮ ವೇಗ ಸೆಕೆಂಡಿಗೆ 1,500 ಕಿ.ಮೀ. ಎಂದುಕೊಂಡು, ಅದು ನಕ್ಷತ್ರದಿಂದ ದೂರ ಹೋದಂತೆ 1−R/r (R ನಕ್ಷತ್ರದ ತ್ರಿಜ್ಯ, r ಅದರ ಕೇಂದ್ರದಿಂದ ದೂರ) ಎಂಬ ಪ್ರಮಾಣದಲ್ಲಿ ಏರುತ್ತದೆ ಎಂದರೆ, ನ್ಯೂಟ್ರಾನ್ ನಕ್ಷತ್ರದ ಬಳಿ ಅದು ಇನ್ನೂ ಸುಮಾರು 670 ಕಿ.ಮೀ. ಮಾತ್ರ. ನ್ಯೂಟ್ರಾನ್ ನಕ್ಷತ್ರವೇ ಕಕ್ಷೆಯಲ್ಲಿ 370 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಎರಡನ್ನೂ ಲಂಬವಾಗಿ ಕೂಡಿಸಿದರೆ ಸಾಪೇಕ್ಷ ವೇಗ 765ರ ಆಸುಪಾಸು.

ಗುರುತ್ವದ ಬಲೆಗೆ ಅನಿಲ ಬೀಳುವ ತ್ರಿಜ್ಯ 2GM/v². 1.4 ಸೂರ್ಯರಾಶಿಗೆ ಇದು 6.4×10¹⁰ ಸೆಂ.ಮೀ., ಅಂದರೆ 6.4 ಲಕ್ಷ ಕಿ.ಮೀ. ಮಾರುತದಲ್ಲಿ ಈ ಬಲೆಗೆ ಬೀಳುವ ಪಾಲು ಹತ್ತು ಸಾವಿರದಲ್ಲಿ ಸುಮಾರು 1.9. ಮಹಾದೈತ್ಯ ವರ್ಷಕ್ಕೆ 10⁻⁶ ಸೂರ್ಯರಾಶಿ ಕಳೆದುಕೊಳ್ಳುತ್ತಿದ್ದರೆ ನ್ಯೂಟ್ರಾನ್ ನಕ್ಷತ್ರಕ್ಕೆ ಸಿಗುವುದು ಸೆಕೆಂಡಿಗೆ 1.2×10¹⁶ ಗ್ರಾಂ. ಪ್ರತಿ ಗ್ರಾಂ 10 ಕಿ.ಮೀ. ತ್ರಿಜ್ಯದ ಮೇಲ್ಮೈಗೆ ಬಿದ್ದಾಗ 1.9×10²⁰ ಅರ್ಗ್ ಕೊಡುತ್ತದೆ. ಗುಣಿಸಿದರೆ ಸೆಕೆಂಡಿಗೆ 2×10³⁶ ಅರ್ಗ್.

ಅಂದರೆ ಈ ಮೂಲ ಸದಾಕಾಲ 10³⁶ರ ಮೇಲೆ ಬೆಳಗಬೇಕು. ವೇಲಾ ಎಕ್ಸ್-1 ಹಾಗೇ ಬೆಳಗುತ್ತದೆ. ಅದರ ಅವಧಿ 8.96 ದಿನ, ಸ್ಪಿನ್ 283 ಸೆಕೆಂಡ್, ಸಂಗಾತಿ ಬಿ0.5 ಮಹಾದೈತ್ಯ, ಮತ್ತು ಇದೇ ಲೆಕ್ಕ ಅದಕ್ಕೆ ಸರಿಯಾಗಿ ಕೂರುತ್ತದೆ. 17544 ಅದಕ್ಕಿಂತ ಬಿಗಿಯಾದ ಕಕ್ಷೆಯಲ್ಲಿದ್ದರೂ ಹೆಚ್ಚಿನ ಹೊತ್ತು 10³³–10³⁴ರಲ್ಲಿ ತೊಳಲುತ್ತದೆ, 10³²ಕ್ಕೂ ಇಳಿದದ್ದಿದೆ. ಐಜಿಆರ್ ಜೆ16479-4514ರ ಅವಧಿ 3.32 ದಿನ, ಇನ್ನೂ ಬಿಗಿ, ಅದೂ ಲೆಕ್ಕಕ್ಕಿಂತ ಬಹಳ ಮಂಕು. ಮಾರುತ ಹಗುರವಾಗಿದೆ, ವೇಗ ಹೆಚ್ಚಿದೆ ಎಂದು ನಾನು ಹಿಡಿದ ಅಂಕಿಗಳನ್ನು ಬಗ್ಗಿಸಿದರೆ ಹತ್ತು ಪಟ್ಟು ಇಳಿಸಬಹುದು. ಸಂಚಯನ ದರ (ಅನಿಲ ಬಂದು ಬೀಳುವ ದರ) ಮಾರುತ ವೇಗದ ಸುಮಾರು ನಾಲ್ಕನೇ ಘಾತದಲ್ಲಿ ಇಳಿಯುವುದರಿಂದ ಅಷ್ಟು ಸಲೀಸು. ಸಾವಿರ ಪಟ್ಟು ಇಳಿಸಲು ಆಗುವುದಿಲ್ಲ.

ಕ್ಲಂಪ್ ವಾದ ಇಲ್ಲೇ ಎಡವುತ್ತದೆ. ಬಿಸಿ ಮಹಾದೈತ್ಯದ ಮಾರುತ ನಯವಾಗಿರುವುದಿಲ್ಲ, ಮುದ್ದೆ ಮುದ್ದೆಯಾಗಿರುತ್ತದೆ ಎಂಬುದು ನಿಜ. ದೊಡ್ಡ ಮುದ್ದೆ ಬಿದ್ದಾಗ ಬೆಳಕು ಏರುವುದೂ ನಿಜ. 2010ರಲ್ಲಿ ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹ ಐಜಿಆರ್ ಜೆ18410-0535ರಲ್ಲಿ ಅಂಥ ಒಂದು ಫ್ಲೇರ್ ಹಿಡಿದಿತ್ತು. ಬೆಳಕು ಏರಿದ್ದು ಮಾತ್ರವಲ್ಲ, ದೃಷ್ಟಿರೇಖೆಯಲ್ಲಿ ಹೀರುವ ಅನಿಲವೂ ದಟ್ಟವಾಯಿತು, ಮುದ್ದೆ ಹಾದುಹೋದದ್ದು ಕಣ್ಣಿಗೆ ಕಂಡಂತೆ. ಆದರೆ ದ್ರವ್ಯದ ಲೆಕ್ಕ ನೋಡಿ. 10³⁶ ಅರ್ಗ್‌ನ ಫ್ಲೇರ್ 3,000 ಸೆಕೆಂಡ್ ಇದ್ದರೆ 3×10³⁹ ಅರ್ಗ್, ಅದಕ್ಕೆ 1.6×10¹⁹ ಗ್ರಾಂ ಬೀಳಬೇಕು. ಮಾರುತದ ಸಿಮ್ಯುಲೇಶನ್‌ಗಳಲ್ಲಿ ಹುಟ್ಟುವ ಮುದ್ದೆಗಳು ಸುಮಾರು 10¹⁸ ಗ್ರಾಂ ಅಥವಾ ಅದಕ್ಕೂ ಕಡಿಮೆ. ಅಷ್ಟರಿಂದ 10³⁶ ಮಟ್ಟದಲ್ಲಿ ಮೂರು ನಿಮಿಷ ಉರಿಯಬಹುದು. ವೇಲಾ ಎಕ್ಸ್-1ರ ಸಂಗಾತಿಯ ಮಾರುತದಲ್ಲೂ ಇದೇ ಥರದ ಮುದ್ದೆಗಳಿವೆ, ಅದೇಕೆ ಸಾವಿರ ಪಟ್ಟು ಏರಿಳಿಯುವುದಿಲ್ಲ?

ಹಾಗಾಗಿ ಬಾಗಿಲು ಬೇಕು. ಮಾರುತ ಬರುತ್ತಲೇ ಇದೆ, ಒಳಗೆ ಬಿಡುತ್ತಿಲ್ಲ. ಬಾಗಿಲಿನ ಬಗ್ಗೆ ಮುಖ್ಯವಾಗಿ ಎರಡು ವಾದ. ಒಂದರಲ್ಲಿ ನ್ಯೂಟ್ರಾನ್ ನಕ್ಷತ್ರದ ಕಾಂತಗೋಳವೇ ತಡೆ. ಕಾಂತಗೋಳ (ಕಾಂತಕ್ಷೇತ್ರ ಆಳುವ ವಲಯ) ಸಹಭ್ರಮಣ ತ್ರಿಜ್ಯಕ್ಕಿಂತ (ಕಕ್ಷೆಯ ಸುತ್ತು ನಕ್ಷತ್ರದ ಸ್ಪಿನ್‌ಗೆ ಸಮವಾಗುವ ದೂರಕ್ಕಿಂತ) ದೊಡ್ಡದಾದರೆ ತಿರುಗುವ ಕಾಂತಕ್ಷೇತ್ರ ಅನಿಲವನ್ನು ಹೊರಗೆ ಎಸೆಯುತ್ತದೆ. ಗುರುತ್ವದ ಬಲೆಗಿಂತಲೂ ದೊಡ್ಡದಾದರೆ ಅನಿಲ ಬಲೆಗೇ ಬೀಳುವುದಿಲ್ಲ. ಈ ಎರಡನೆಯದಕ್ಕೆ 10¹⁴ ಗಾಸ್‌ನ ಮಟ್ಟದ ಕ್ಷೇತ್ರ ಮತ್ತು ಸಾವಿರ ಸೆಕೆಂಡಿನ ನಿಧಾನ ಸ್ಪಿನ್ ಬೇಕಾಗುತ್ತದೆ. ಬಾಗಿಲಿನ ಅಂಚಿನಲ್ಲೇ ಕೂತ ಮೂಲಕ್ಕೆ ಮಾರುತದ ಸಾಂದ್ರತೆ ಕೆಲವೇ ಪಟ್ಟು ಏರಿದರೂ ಸಾಕು, ಬೆಳಕು ನೂರಾರು ಪಟ್ಟು ಏರುತ್ತದೆ.

ಇನ್ನೊಂದರಲ್ಲಿ, ಬಿದ್ದ ಅನಿಲ ಕಾಂತಗೋಳದ ಸುತ್ತ ಬಿಸಿ ಚಿಪ್ಪಾಗಿ ನಿಲ್ಲುತ್ತದೆ. ತಣ್ಣಗಾಗದೆ ಒಳನುಗ್ಗಲಾರದು. ಎಕ್ಸ್‌-ರೇ ಬೆಳಕು ಕಡಿಮೆ ಇದ್ದಷ್ಟೂ ತಣಿಯುವುದು ನಿಧಾನ, ಆದ್ದರಿಂದ ಮಂಕು ಮಂಕಾಗಿಯೇ ಉಳಿಯುತ್ತದೆ. ಸೆಕೆಂಡಿಗೆ ಸುಮಾರು 4×10³⁶ ಅರ್ಗ್‌ಗಿಂತ ಕೆಳಗೆ ಮಾತ್ರ ಈ ಚಿಪ್ಪು ನಿಲ್ಲಬಲ್ಲದು. ಕಾಂತತೆ ಹೊತ್ತ ಮುದ್ದೆ ಬಂದು ತಾಗಿದಾಗ ಕಾಂತರೇಖೆಗಳು ಮರುಜೋಡಣೆಯಾಗಿ ಚಿಪ್ಪು ಕುಸಿಯುತ್ತದೆ, ಕೂಡಿಟ್ಟದ್ದೆಲ್ಲ ಒಟ್ಟಿಗೆ ಬೀಳುತ್ತದೆ. ನನಗೆ ಈ ವಾದದಲ್ಲಿ ಇಷ್ಟವಾಗುವುದು ಇದೇ. ಫ್ಲೇರ್‌ಗೆ ಬೇಕಾದ 10¹⁹ ಗ್ರಾಂ ಮುದ್ದೆಯಿಂದ ಬರಬೇಕಿಲ್ಲ, ಚಿಪ್ಪಿನಲ್ಲೇ ಇರುತ್ತದೆ. ಮುದ್ದೆ ಬರೀ ಬೀಗದ ಕೈ.

ಈಗ 11215. ಅವಧಿ 165 ದಿನ, ಇಬ್ಬರ ಸರಾಸರಿ ದೂರ ಸುಮಾರು 370 ಸೂರ್ಯ ತ್ರಿಜ್ಯ. ಅದರ ಕಕ್ಷೆ ತೀರಾ ಉದ್ದನೆಯದು ಎಂದು ಹೇಳುತ್ತಾರೆ. ವಿಕೇಂದ್ರತೆ 0.8 ಎಂದರೂ ಹತ್ತಿರದ ಬಿಂದು 74 ತ್ರಿಜ್ಯ, ದೂರದ ಬಿಂದು 666. ಮಾರುತದ ಸಾಂದ್ರತೆಯಲ್ಲೇ ಎಂಬತ್ತು ಪಟ್ಟು ವ್ಯತ್ಯಾಸ. ದೂರದಲ್ಲಿದ್ದಾಗ ಬಾಗಿಲು ತೆರೆಯಲು ಸಾಕಷ್ಟು ಅನಿಲವೇ ಇಲ್ಲ, ಹತ್ತಿರ ಬಂದಾಗ ಮಾತ್ರ ಅವಕಾಶ. ಮಾರುತ ಸಮಭಾಜಕದ ಕಡೆ ದಟ್ಟವಾಗಿ, ಕಕ್ಷೆ ಅದಕ್ಕೆ ಓರೆಯಾಗಿದ್ದು, ನ್ಯೂಟ್ರಾನ್ ನಕ್ಷತ್ರ ಆ ದಟ್ಟ ಪದರವನ್ನು ಕೊರೆದು ಹೋಗುವಾಗ ಉಕ್ಕುತ್ತದೆ ಎಂದೂ ಒಂದು ವಾದವಿದೆ. ಉಕ್ಕು ಕೆಲವೇ ದಿನಗಳಷ್ಟು ಚಿಕ್ಕದಾಗಿರುವುದಕ್ಕೆ ಆ ಪದರ ಚೆನ್ನಾಗಿ ಹೊಂದುತ್ತದೆ. 17544ರ ಕಕ್ಷೆಯಲ್ಲಿ ಅಷ್ಟು ದೂರ-ಹತ್ತಿರದ ಆಟವಿಲ್ಲ, ಬೀಗದ ಕೈ ಯಾವ ಸುತ್ತಿನಲ್ಲಾದರೂ ಬರಬಹುದು. ಒಂದರಲ್ಲಿ ಹೊತ್ತನ್ನು ಕಕ್ಷೆ ನಿರ್ಧರಿಸುತ್ತದೆ, ಇನ್ನೊಂದರಲ್ಲಿ ಬಾಗಿಲು.

---

ಲೈಟ್‌ಕರ್ವ್ ಓದುಗ:

ಇಬ್ಬರಿಗೂ ಧನ್ಯವಾದ. ದರಗಳಿಗೆ ಮಿತಿ ಹಾಕಿದ ಮೇಲೆ ಬಾಚಣಿಗೆ ಹೋಗಿ 4.93ರ ಶಿಖರ ನಿಂತಿತು.

ಮಂಕು ಹೊತ್ತನ್ನು ಅಳೆಯಲು ಬ್ಯಾಟ್ ಸಾಲದು ಎಂದು ಅರ್ಥವಾಯಿತು. ಎಕ್ಸ್‌ಆರ್‌ಟಿಯ ಸಾರ್ವಜನಿಕ ವೀಕ್ಷಣೆಗಳು ಹೆಚ್ಚಿನವು 1,000 ಸೆಕೆಂಡ್ ಸುತ್ತಮುತ್ತ ಇವೆ, ಎಷ್ಟೋ ಕಡೆ ಮೂಲದ ಜಾಗದಲ್ಲಿ ಒಂದೂ ಫೋಟಾನ್ ಇಲ್ಲ. ಅಂಥವನ್ನು ಬಿಟ್ಟುಬಿಡುವುದೇ? ಮತ್ತೆ ಅದೇ ದತ್ತಾಂಶದಲ್ಲಿ ಸ್ಪಿನ್ ಹುಡುಕಬಹುದೇ?

---

ಶೂನ್ಯ ಫೋಟಾನ್:

ದಯವಿಟ್ಟು ಬಿಡಬೇಡಿ. ಆ ಖಾಲಿ ವೀಕ್ಷಣೆಗಳೇ ಬಾಗಿಲು ಮುಚ್ಚಿತ್ತು ಎನ್ನಲು ಇರುವ ಸಾಕ್ಷಿ. ಅವನ್ನು ಬಿಟ್ಟರೆ ಸರಾಸರಿ ಹೊಳಪು ಹುಸಿಯಾಗಿ ಏರಿ, ಯಾವ ಮಟ್ಟದಲ್ಲಿ ಎಷ್ಟು ಹೊತ್ತು ಕಳೆಯಿತು ಎಂಬ ಹಂಚಿಕೆಯ ಕೆಳತುದಿಯೇ ಕಾಣೆಯಾಗುತ್ತದೆ.

ಸೊನ್ನೆ ಎಣಿಕೆಗೆ ಪಾಯ್ಸನ್ ಮೇಲ್ಮಿತಿ 3 ಸಿಗ್ಮಾ ಮಟ್ಟದಲ್ಲಿ 6.6 ಎಣಿಕೆ. 1,000 ಸೆಕೆಂಡಿಗೆ ಅದು ಸೆಕೆಂಡಿಗೆ 0.0066. ದಟ್ಟ ಹೀರಿಕೆಯ ಹಿಂದಿರುವ ಗಡಸು ರೋಹಿತಕ್ಕೆ ಸೆಕೆಂಡಿಗೆ 1 ಎಣಿಕೆ ಎಂದರೆ ಸುಮಾರು 10⁻¹⁰ ಅರ್ಗ್ ಪ್ರತಿ ಚದರ ಸೆಂ.ಮೀ. ಪ್ರತಿ ಸೆಕೆಂಡ್ ಎಂದು ಹಿಡಿಯಬಹುದು, ಹೀರಿಕೆ ತಿದ್ದಿದ ಮೇಲೆ. ಹಾಗಾದರೆ ಮಿತಿ 6.6×10⁻¹³. 17544 ಸುಮಾರು 3.6 ಕಿಲೋಪಾರ್ಸೆಕ್ ದೂರದಲ್ಲಿದೆ ಎಂದರೆ ಇದು 10³³ ಅರ್ಗ್. ಒಂದೇ ಒಂದು ಖಾಲಿ ತುಣುಕು ಮಾರುತ ಮಾಪಕರ 2×10³⁶ಕ್ಕಿಂತ ಎರಡು ಸಾವಿರ ಪಟ್ಟು ಕೆಳಗಿನ ಮಿತಿ ಕೊಟ್ಟಿತು. ಬ್ಯಾಟ್‌ನ ಒಂದು ದಿನದ 5 ಮಿಲಿಕ್ರ್ಯಾಬ್ ಅದೇ ದೂರಕ್ಕೆ 10³⁵ ಆಗುತ್ತದೆ, 3 ಸಿಗ್ಮಾ ಬೇಕೆಂದರೆ 3×10³⁵. ಬ್ಯಾಟ್ ನೋಡುವುದು ಬಾಗಿಲು ತೆರೆದ ಕ್ಷಣಗಳನ್ನು ಮಾತ್ರ.

ಒಂದು ಕಡೆ ಮಾತ್ರ ಮೋಸ ಹೋಗಬಹುದು. ಅದು ಗ್ರಹಣ. 16479ರಲ್ಲಿ ಮಹಾದೈತ್ಯ ಪ್ರತಿ 3.32 ದಿನಕ್ಕೊಮ್ಮೆ ನ್ಯೂಟ್ರಾನ್ ನಕ್ಷತ್ರವನ್ನು ಮರೆಮಾಡುತ್ತದೆ, ಸುಮಾರು 0.6 ದಿನ. ಆ ಹೊತ್ತಿನ ಖಾಲಿ ತುಣುಕು ಬಾಗಿಲು ಮುಚ್ಚಿದ್ದಕ್ಕೆ ಸಾಕ್ಷಿಯಲ್ಲ. ಪ್ರತಿಯೊಂದು ತುಣುಕಿಗೂ ಕಕ್ಷೆಯ ಹಂತ ಲೆಕ್ಕ ಹಾಕಿ, ಗ್ರಹಣದೊಳಗಿನವನ್ನು ಬೇರೆ ಎತ್ತಿಡಿ.

ಖಾಲಿ ತುಣುಕುಗಳನ್ನು ಒಂದರ ಮೇಲೊಂದು ಪೇರಿಸಿ ಒಟ್ಟು 20–30 ಸಾವಿರ ಸೆಕೆಂಡ್ ಮಾಡಿದರೆ ಮಂಕು ಸ್ಥಿತಿಯ ಸರಾಸರಿ ರೋಹಿತವೇ ಸಿಗಬಹುದು. ಆದರೆ ಪೇರಿಸುವ ಮೊದಲು ಆರಿಸುವ ನಿಯಮವನ್ನು ಬರೆದಿಡಿ. ಫಲಿತಾಂಶ ನೋಡಿಕೊಂಡು ಆರಿಸಿದರೆ ಬೇಕಾದ ಹೊಳಪು ಬರಿಸಬಹುದು.

ಹೊಳೆವ ತುಣುಕುಗಳಲ್ಲಿ ಪೈಲ್‌-ಅಪ್ ನೋಡಿಕೊಳ್ಳಿ. ಫೋಟಾನ್ ಕೌಂಟಿಂಗ್ ಮೋಡ್‌ನಲ್ಲಿ ಸೆಕೆಂಡಿಗೆ 0.5 ಎಣಿಕೆ ದಾಟಿದರೆ ಎರಡು ಫೋಟಾನ್ ಒಂದೇ ಚೌಕಟ್ಟಿನಲ್ಲಿ ಬಿದ್ದು ಒಂದಾಗಿ ಎಣಿಕೆಯಾಗಲು ಶುರು. ದರ ಕಡಿಮೆ ಕಾಣುತ್ತದೆ, ರೋಹಿತ ಗಡಸಾಗಿ ಕಾಣುತ್ತದೆ. ಮೂಲದ ನಡುವಿನ ಕೆಲವು ಪಿಕ್ಸೆಲ್ ತೆಗೆದು ಉಂಗುರದಿಂದ ಎಣಿಸಿ. ಎಷ್ಟು ಪಿಕ್ಸೆಲ್ ಎಂದು ಊಹಿಸಬೇಡಿ. ಬಿಂದು ಹರವಿನ ಮಾದರಿಯನ್ನು (ಬಿಂದುವಿನಂಥ ಮೂಲ ಉಪಕರಣದಲ್ಲಿ ಹರಡಿ ಕಾಣುವ ಆಕಾರವನ್ನು) ಹೊರಭಾಗಕ್ಕೆ ಕೂರಿಸಿ, ಅದು ಒಳಗೆ ಎಲ್ಲಿ ದತ್ತಾಂಶದಿಂದ ಬೇರಾಗುತ್ತದೋ ಅಲ್ಲಿಯವರೆಗೆ ತೆಗೆಯಿರಿ. ಪಿಕ್ಸೆಲ್ 2.36 ಆರ್ಕ್‌ಸೆಕೆಂಡ್. ಇದನ್ನು ಮರೆತರೆ ಫ್ಲೇರ್‌ನ ತುದಿಯಲ್ಲಿ ರೋಹಿತ ಗಡಸಾಯಿತು ಎಂದು ಬರೆದುಬಿಡುತ್ತೀರಿ, ಮುದ್ದೆ ಬಂದು ಹೀರಿತು ಎಂಬ ತೀರ್ಮಾನಕ್ಕೂ ಬರುತ್ತೀರಿ, ಎರಡೂ ಉಪಕರಣದ ಕೆಲಸ.

ಹೀರಿಕೆ ಏರಿತೋ ಇಲ್ಲವೋ ಎಂದು ನೋಡಲು ಗಡಸು-ಮೃದು ಅನುಪಾತ ಬಳಸುವಾಗ, ಸಮಾನ ಕಾಲದ ಬಿನ್ ಬದಲು ಸಮಾನ ಎಣಿಕೆಯ ಬಿನ್ ಮಾಡಿ. ಫ್ಲೇರ್ ಶುರುವಾಗುವ ಮುನ್ನವೇ ಅನುಪಾತ ಏರಿದರೆ ಮುದ್ದೆ ದೃಷ್ಟಿರೇಖೆಗೆ ಬಂದಿತ್ತು ಎನ್ನಬಹುದು. ಅನುಪಾತವೊಂದರಿಂದ ಹೀರಿಕೆ ಮತ್ತು ರೋಹಿತದ ಇಳಿಜಾರು ಎರಡನ್ನೂ ಬೇರ್ಪಡಿಸಲಾಗದು. ಎಣಿಕೆ ಕಡಿಮೆ ಇದ್ದರೆ ಇಳಿಜಾರನ್ನು ಇಡೀ ಉಕ್ಕಿನ ಬೆಲೆಗೆ ಕಟ್ಟಿಹಾಕಿ, ಹೀರಿಕೆಯನ್ನು ಮಾತ್ರ ಸಡಿಲ ಬಿಡಿ.

ಸ್ಪಿನ್ ಬಗ್ಗೆ: ಫೋಟಾನ್ ಕೌಂಟಿಂಗ್ ಮೋಡ್‌ನ ಚೌಕಟ್ಟು 2.5 ಸೆಕೆಂಡ್. 5 ಸೆಕೆಂಡಿಗಿಂತ ವೇಗದ ಸ್ಪಿನ್ ಅಲ್ಲಿ ಸಿಗುವುದೇ ಇಲ್ಲ. ವಿಂಡೋಡ್ ಟೈಮಿಂಗ್ ಮೋಡ್‌ನಲ್ಲಿ 1.8 ಮಿಲಿಸೆಕೆಂಡ್ ಇದೆ. ಆದರೆ ಒಂದು ತುಣುಕು ಸಾವಿರ ಸೆಕೆಂಡಾದರೆ 187 ಸೆಕೆಂಡಿನ 11215ಕ್ಕೂ ಐದೇ ಸುತ್ತು. ಸಾವಿರ ಸೆಕೆಂಡಿನ ಸ್ಪಿನ್‌ಗೆ ಒಂದೇ ಸುತ್ತು. ಫ್ಲೇರ್‌ಗಳ ತಮ್ಮದೇ ಏರಿಳಿತ ನೂರಾರು ಸೆಕೆಂಡಿನದ್ದು, ಅದು ಸ್ಪಿನ್‌ನಂತೆಯೇ ಕಾಣುತ್ತದೆ. ಬಿಳಿ ಗದ್ದಲದ ಮೇಲೆ ಲೆಕ್ಕ ಹಾಕಿದ ನಂಬಿಕೆ ಇಲ್ಲಿ ನಡೆಯುವುದಿಲ್ಲ, ಕೆಂಪು ಗದ್ದಲದ (ನಿಧಾನ ಏರಿಳಿತವೇ ಹೆಚ್ಚಿರುವ ಗದ್ದಲದ) ಮಾದರಿ ಕೂರಿಸಿ ಅದರ ಮೇಲೆ ಶಿಖರವನ್ನು ಅಳೆಯಿರಿ.

---

ಮಾರುತ ಮಾಪಕ:

ಮೇಲಿನ ಕೊನೆಯ ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಬಾಗಿಲಿನ ವಾದವೆಲ್ಲ ಸ್ಪಿನ್ ಮತ್ತು ಕಾಂತಕ್ಷೇತ್ರದ ಮೇಲೆ ನಿಂತಿದೆ. ಸಹಭ್ರಮಣ ತ್ರಿಜ್ಯ ಸ್ಪಿನ್‌ನ ಮೂರನೇ ಎರಡು ಘಾತದಲ್ಲಿ ಏರುತ್ತದೆ. 5 ಸೆಕೆಂಡಿಗೆ 4.9×10⁸ ಸೆಂ.ಮೀ., 187 ಸೆಕೆಂಡಿಗೆ 5.5×10⁹, 1,000 ಸೆಕೆಂಡಿಗೆ 1.7×10¹⁰. ಅದೇ ಮೂಲ ಈ ಅಂಕಿಗಳಲ್ಲಿ ಯಾವುದರ ಮೇಲಿದೆ ಎಂಬುದರಿಂದ ಬಾಗಿಲು ಯಾವ ಥರದ್ದು ಎಂಬ ಉತ್ತರವೇ ಬದಲಾಗುತ್ತದೆ. 18410ಕ್ಕೆ 4.7 ಸೆಕೆಂಡ್ ಎಂದು ಬಂದದ್ದು ಆಮೇಲಿನ ವೀಕ್ಷಣೆಗಳಲ್ಲಿ ಕಾಣಲಿಲ್ಲ. 17544ಕ್ಕೆ 71.5 ಸೆಕೆಂಡ್ ಎಂದೊಂದು ವರದಿ, ಅದೂ ಗಟ್ಟಿಯಾಗಿಲ್ಲ. 11215ರ 187 ಸೆಕೆಂಡ್ ಮತ್ತು ಐಜಿಆರ್ ಜೆ16418-4532ರ ಸುಮಾರು 1,210 ಸೆಕೆಂಡ್ ನಿಶ್ಚಿಂತೆಯಿಂದ ಬಳಸಬಹುದಾದಂಥವು.

ಕಾಂತಕ್ಷೇತ್ರದ್ದೂ ಹಾಗೇ. ನುಸ್ಟಾರ್ ದೂರದರ್ಶಕ 17544ರ ರೋಹಿತದಲ್ಲಿ 17 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಬಳಿ ಸೈಕ್ಲೋಟ್ರಾನ್ ಗೆರೆ (ಕಾಂತಕ್ಷೇತ್ರದ ಬಲ ತಿಳಿಸುವ ಹೀರಿಕೆ ಗೆರೆ) ತೋರಿಸಿತು, ಅದರಿಂದ ಸುಮಾರು 1.5×10¹² ಗಾಸ್. ಅದು ನಿಂತರೆ ಈ ಮೂಲಕ್ಕೆ 10¹⁴ ಗಾಸ್ ಬಾಗಿಲು ಹೋಯಿತು. ಆಮೇಲಿನ ಒಂದು ನುಸ್ಟಾರ್ ವೀಕ್ಷಣೆಯಲ್ಲಿ ಗೆರೆ ಕಾಣಲಿಲ್ಲ. ಹಾಗಾಗಿ ಈ ಅಂಕಿಯನ್ನು ಬರೆಯುವಾಗ ಎರಡೂ ವೀಕ್ಷಣೆಯನ್ನು ಪಕ್ಕಪಕ್ಕ ಬರೆಯಿರಿ. ಇದೇ 17544 2014ರ ಅಕ್ಟೋಬರ್ 10ರಂದು 3×10³⁸ ಅರ್ಗ್‌ವರೆಗೂ ಏರಿತ್ತು. ಚಿಪ್ಪಿನ ವಾದ ನಿಲ್ಲುವ 4×10³⁶ ಮಿತಿಗಿಂತ ಎಷ್ಟೋ ಮೇಲೆ. ಕ್ಷಣಕಾಲದ ಸಂಚಯನ ತಟ್ಟೆ ಹುಟ್ಟಿರಬಹುದು ಎಂಬ ವಿವರಣೆ ಅದಕ್ಕೆ ಕೊಟ್ಟಿದ್ದಾರೆ. ಒಂದೇ ಮೂಲಕ್ಕೆ ಒಂದೇ ಬಾಗಿಲು ಎಂದು ಹಟ ಹಿಡಿಯದಿರುವುದು ಒಳ್ಳೆಯದು.

---

ಗೆರೆ ವರ್ಗ:

ಒಂದು ಚಿಕ್ಕ ಸೇರ್ಪಡೆ. ಹೊಸ ಮೂಲಗಳಿಗೂ ಇದನ್ನೇ ಮಾಡಲು ಹೊರಟರೆ ಮೊದಲು ಸಂಗಾತಿ ನಿಜವಾಗಿ ಮಹಾದೈತ್ಯವೇ ಎಂದು ಖಚಿತ ಮಾಡಿಕೊಳ್ಳಿ. ಬಿಇ ನಕ್ಷತ್ರದ (ಸುತ್ತ ಅನಿಲದ ತಟ್ಟೆಯಿರುವ, ಮಹಾದೈತ್ಯವಲ್ಲದ ಬಿ ವರ್ಗದ ನಕ್ಷತ್ರದ) ಜೋಡಿಗಳೂ ಕಕ್ಷಾವಧಿಗೊಮ್ಮೆ ಉಕ್ಕುತ್ತವೆ. ಆದರೆ ಅಲ್ಲಿ ಉಕ್ಕು ದಿನಗಟ್ಟಲೆ, ವಾರಗಟ್ಟಲೆ ನಯವಾಗಿ ಏರಿ ಇಳಿಯುತ್ತದೆ. ಸ್ಪಿನ್-ಕಕ್ಷಾವಧಿ ಚಿತ್ರವೊಂದನ್ನೇ ನಂಬಬೇಡಿ, ಅದರಲ್ಲಿ 11215 ಹೋಗಿ ಕೂರುವುದು ಬಿಇ ಗುಂಪಿನ ನಡುವೆ. ಅದರ ಸಂಗಾತಿ ಎಚ್‌ಡಿ 306414, ಬಿ0.5 ಮಹಾದೈತ್ಯ.

ಧೂಳಿನ ಹಿಂದಿರುವ ಮೂಲಕ್ಕೆ ಕೆ ಪಟ್ಟಿಯ ಅವಗೆಂಪು ರೋಹಿತ ತೆಗೆಯಬೇಕು. 2.166 ಮೈಕ್ರಾನ್‌ನ ಬ್ರ್ಯಾಕೆಟ್ ಗಾಮಾ, 2.058 ಮತ್ತು 2.112ರ ಹೀಲಿಯಂ ಗೆರೆಗಳಿಂದ ವರ್ಗ ಗೊತ್ತಾಗುತ್ತದೆ. ಅದಕ್ಕೂ ಮುನ್ನ ಎಕ್ಸ್‌-ರೇ ಸ್ಥಾನ ಒಂದೆರಡು ಆರ್ಕ್‌ಸೆಕೆಂಡಿನೊಳಗೆ ಸಿಗಬೇಕು. ಗ್ಯಾಲಕ್ಸಿಯ ಸಮತಲದಲ್ಲಿ ಬ್ಯಾಟ್ ಕೊಡುವ ಅಥವಾ ಇಂಟೆಗ್ರಲ್ ಕೊಡುತ್ತಿದ್ದ ಕೆಲವು ಆರ್ಕ್‌ಮಿನಿಟ್ ವೃತ್ತದೊಳಗೆ ಅವಗೆಂಪಿನಲ್ಲಿ ನೂರಾರು ನಕ್ಷತ್ರ ಬೀಳುತ್ತವೆ. ಮೂಲ ಉಕ್ಕಿದ ಕೆಲವೇ ಗಂಟೆಯಲ್ಲಿ ಎಕ್ಸ್‌ಆರ್‌ಟಿ ಅಥವಾ ಚಂದ್ರಾ ಅತ್ತ ತಿರುಗದಿದ್ದರೆ ಸ್ಥಾನಕ್ಕೆ ಸಾಕಷ್ಟು ಫೋಟಾನ್ ಸಿಗುವುದು ಮುಂದಿನ ಉಕ್ಕಿಗೇ.